ಗೌಜಲಕ್ಕಿಯ ನೆತ್ತಿ ಬೋಳಾದರೆ ಮೊದಲು ಗಂಡನ್ನು ಬೇರ್ಪಡಿಸಿ

ಕಳೆದ ಮಳೆಗಾಲದಲ್ಲಿ ಪರಿಚಯದವರೊಬ್ಬರು ರಟ್ಟಿನ ಪೆಟ್ಟಿಗೆಯಲ್ಲಿ ಹೆಣ್ಣು ಗೌಜಲಕ್ಕಿಯೊಂದನ್ನು (ಕ್ವೇಲ್) ತಂದು ತೋರಿಸಿದರು. ನೆತ್ತಿಯಿಂದ ಹೆಗಲಿನವರೆಗೆ ಒಂದು ಗರಿಯೂ ಉಳಿದಿರಲಿಲ್ಲ. ಕೆಂಪೇರಿದ ಚರ್ಮದ ಮೇಲೆ ಬೇವಿನೆಣ್ಣೆ ಮಿರುಗುತ್ತಿತ್ತು. ಎಂಟು ದಿನಗಳಿಂದ ಎಣ್ಣೆ ಹಚ್ಚುತ್ತಿದ್ದವರು ಗಂಡನ್ನು ಮಾತ್ರ ಅದೇ ಗೂಡಿನಲ್ಲಿ ಬಿಟ್ಟಿದ್ದರು. ಗಂಡಿಲ್ಲದಿದ್ದರೆ ಮೊಟ್ಟೆ ನಿಂತುಹೋಗುತ್ತದೆಂಬ ಭಯ ಅವರದು. ಗಂಡಿಲ್ಲದೆಯೂ ಹೆಣ್ಣು ಎಂದಿನಂತೆ ಮೊಟ್ಟೆಯಿಡುತ್ತದೆ. ಗಂಡು ಬೇಕಾಗುವುದು ಮರಿ ಮಾಡಿಸುವವರಿಗೆ ಮಾತ್ರ.

ಮೊದಲ ಹಂತ: ಗರಿ ಎಲ್ಲಿ ಹೋಗಿದೆಯೆಂದು ನೋಡಿ. ಕೂಡುವಾಗ ಗಂಡು ಹೆಣ್ಣಿನ ತಲೆಯ ಹಿಂಭಾಗವನ್ನು ಕೊಕ್ಕಿನಿಂದ ಕಚ್ಚಿ ಹಿಡಿದೇ ಬೆನ್ನೇರುತ್ತದೆ. ಆದ್ದರಿಂದ ನೆತ್ತಿ, ಕತ್ತು ಬೋಳಾಗಿದ್ದರೆ ಬಹುಮಟ್ಟಿಗೆ ಕಾರಣ ಅದೇ. ಬಾಲದ ಬುಡ ಬೋಳಾಗಿದ್ದರೆ ಒಂದನ್ನೊಂದು ಕುಕ್ಕುತ್ತಿವೆಯೇ, ಹೇನು ಹಿಡಿದಿದೆಯೇ ಎಂದು ಪರೀಕ್ಷಿಸಬೇಕು. ಜಪಾನಿ ಗೌಜಲಕ್ಕಿ ಆರೇಳು ವಾರಗಳಲ್ಲೇ ಪ್ರಾಯಕ್ಕೆ ಬರುವುದರಿಂದ ತೊಂದರೆ ಶುರುವಾಗುವುದೂ ಆಗಲೇ. ಸಾಮಾನ್ಯ ಕಂದು ತಳಿಯಲ್ಲಿ ಗಂಡಿನ ಎದೆ ಇಟ್ಟಿಗೆ ಬಣ್ಣದ್ದು, ಹೆಣ್ಣಿನ ಎದೆಯ ಮೇಲೆ ಕಪ್ಪು ಚುಕ್ಕೆಗಳು.

ಎರಡನೆಯ ಹಂತ: ಗಂಡನ್ನು ಅಂದೇ ಬೇರೆ ಗೂಡಿಗೆ ಹಾಕಿ. ಗಾಯವಿದ್ದರೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ತೊಳೆದು ಪೊವಿಡೋನ್ ಅಯೋಡಿನ್ ಎಂಬ ನಂಜುನಿವಾರಕ ಸವರಿ, ಆ ಹೆಣ್ಣನ್ನೂ ಪ್ರತ್ಯೇಕವಾಗಿಡಿ, ಏಕೆಂದರೆ ರಕ್ತ ಕಂಡರೆ ಉಳಿದ ಹೆಣ್ಣುಗಳೂ ಬಂದು ಕುಕ್ಕುತ್ತವೆ. ಗಾಯ ಆಳವಾಗಿದ್ದರೆ ಪಶುವೈದ್ಯರಿಗೆ ತೋರಿಸಿ. ಎಣ್ಣೆ ಬೇಡ, ಅದು ಉಳಿದ ಗರಿಯನ್ನೂ ಅಂಟಿಸಿಬಿಡುತ್ತದೆ. ಕೋಳಿಗಳ ಬೆನ್ನಿಗೆ ಕಟ್ಟಲು ಮಾರುವ ಬಟ್ಟೆಯ ಕವಚವನ್ನಂತೂ ಕೊಳ್ಳಲೇಬೇಡಿ: ಅದು ಮುಚ್ಚುವುದು ಬೆನ್ನನ್ನು, ಗಂಡು ಕಚ್ಚುವುದು ತಲೆಯನ್ನು.

ಮೂರನೆಯ ಹಂತ ಆಹಾರದ್ದು. ಗರಿಯ ಬಹುಪಾಲು ಪ್ರೋಟೀನೇ ಆದ್ದರಿಂದ ಬರೀ ನವಣೆ, ಅಕ್ಕಿನುಚ್ಚು ಸಾಲದು. ಬ್ರಾಯ್ಲರ್ ಸ್ಟಾರ್ಟರ್‌ನಂತಹ (ಮಾಂಸದ ಕೋಳಿಮರಿಗಳಿಗೆ ಕೊಡುವ ಸಿದ್ಧ ಆಹಾರ), ಶೇ 20ಕ್ಕಿಂತ ಹೆಚ್ಚು ಪ್ರೋಟೀನ್ ಇರುವ ಆಹಾರ ಕೊಡಿ. ಮೈ ಹೊರಳಾಡಿಸಲು ಒಂದು ತಟ್ಟೆ ಒಣಮರಳು ಇಡಿ.

ಬಹಳ ಜನ ಎಡವುವುದು ನಾಲ್ಕನೆಯ ಹಂತದಲ್ಲಿ, ಅಂದರೆ ಹಕ್ಕಿಗಳನ್ನು ಮತ್ತೆ ಒಂದುಗೂಡಿಸುವಾಗ. ಬುಡಸಮೇತ ಕಿತ್ತುಹೋದ ಗರಿ ಕೆಲವು ವಾರಗಳಲ್ಲಿ ಮತ್ತೆ ಹುಟ್ಟುತ್ತದೆ. ನಡುವೆ ಮುರಿದು ಮೋಟಾದದ್ದು ಮುಂದಿನ ಗರಿ ಉದುರುವ ಕಾಲದವರೆಗೂ ಹಾಗೆಯೇ ಉಳಿಯುತ್ತದೆ. ಹೊಸ ಗರಿ ಮೊದಲು ಮುಳ್ಳಿನಂತೆ ಮೂಡುತ್ತದೆ, ಅದರೊಳಗೆ ರಕ್ತ ಹರಿಯುತ್ತಿರುತ್ತದೆ. 'ಗರಿ ಬಂತಲ್ಲ' ಎಂದು ಈ ಹೊತ್ತಿನಲ್ಲೇ ಗಂಡನ್ನು ಬಿಟ್ಟರೆ ಅದು ಕಚ್ಚಿದ ಕೂಡಲೇ ರಕ್ತ ಸುರಿದು, ಮೊದಲಿನದಕ್ಕಿಂತ ಕೆಟ್ಟ ಗಾಯವಾಗುತ್ತದೆ. ಮುಳ್ಳಿನ ಮೇಲಿನ ಪೊರೆ ಹೊಟ್ಟಿನಂತೆ ಉದುರಿ ಗರಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಲೇಬೇಕು.

ಒಂದು ಗಂಡಿಗೆ ಕನಿಷ್ಠ ನಾಲ್ಕು ಹೆಣ್ಣುಗಳಿರಲಿ. ಜೋಡಿಯಾಗಿ ಸಾಕುವುದನ್ನು ನಾನು ಒಪ್ಪುವುದಿಲ್ಲ. ಒಂದೇ ಗೂಡಿನಲ್ಲಿ ಎರಡು ಗಂಡುಗಳಂತೂ ಬೇಡ. ಗೂಡನ್ನು ತೊಳೆದು, ಅಡಗಲು ಒಣಹುಲ್ಲಿನ ಕಂತೆಯನ್ನೋ ಬಾಗಿಲು ಕತ್ತರಿಸಿದ ರಟ್ಟಿನ ಡಬ್ಬವನ್ನೋ ಇಟ್ಟು, ಮೊದಲು ಹೆಣ್ಣುಗಳನ್ನು ಬಿಡಿ. ಅವು ಒಂದೆರಡು ದಿನ ಜಾಗಕ್ಕೆ ಹೊಂದಿಕೊಂಡ ಮೇಲೆ ಗಂಡನ್ನು ಬಿಟ್ಟು, ಅರ್ಧ ಗಂಟೆ ಅಲ್ಲಿಯೇ ಕುಳಿತು ನೋಡಿ. ಕೂಡುವುದು ಕೆಲವೇ ಸೆಕೆಂಡುಗಳ ಕೆಲಸ. ಬಳಿಕ ಹೆಣ್ಣು ಮೈ ಕೊಡವಿ ಮೇಯಲು ಹೋದರೆ ಚಿಂತೆಯಿಲ್ಲ. ಗಂಡು ಅದೇ ಹೆಣ್ಣನ್ನು ಬಿಡದೆ ಅಟ್ಟುತ್ತಿದ್ದರೆ, ಹೆಣ್ಣು ಮೂಲೆಗೆ ತಲೆ ತುರುಕಿ ಅಲುಗಾಡದೆ ಕುಳಿತರೆ, ಗಂಡನ್ನು ತಕ್ಷಣ ಹೊರತೆಗೆಯಿರಿ. ಸಂಜೆಯ ಮೇಲೆ ಬಲ್ಬು ಉರಿಸುವ ರೂಢಿಯಿದ್ದರೆ ನಿಲ್ಲಿಸಿ. ದಿನಕ್ಕೆ 14ರಿಂದ 16 ಗಂಟೆಗಳ ಬೆಳಕು ಮೊಟ್ಟೆಯನ್ನು ಹೆಚ್ಚಿಸುವಂತೆ ಗಂಡಿನ ಕೂಡುವ ಬಯಕೆಯನ್ನೂ ಹೆಚ್ಚಿಸುತ್ತದೆ.

ಇಷ್ಟಾದರೂ ತಣ್ಣಗಾಗದ ಗಂಡಿಗೆ ಕಾಯಂ ಬೇರೆ ಗೂಡೇ ಸರಿ. ಮರಿ ಬೇಕೆನಿಸಿದಾಗ ಎರಡು ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಹೆಣ್ಣುಗಳ ಜೊತೆ ಬಿಟ್ಟು, ನಿಮ್ಮ ಕಣ್ಣೆದುರೇ ಹಿಂದಕ್ಕೆ ತೆಗೆದುಕೊಳ್ಳಿ.