ಆಯಸ್ಕಾಂತ ಅಂಟದ ಬಾನೆಟ್

"ಸಾ, ಇದು ಪೂರಾ ಪುಟ್ಟಿ. ಬ್ಯಾಡ ಬುಡಿ, ಹೋಗಣ ನಡೀರಿ."

ಕೊಳ್ಳೋಣ ಅಂತ ಹೋದ ಸೆಕೆಂಡ್ ಹ್ಯಾಂಡ್ ಕಾರು ನೋಡಿ ಇನ್ನೂ ಎರಡು ನಿಮಿಷ ಆಗಿರಲಿಲ್ಲ. ನಮ್ಮ ಟಿಂಕರಣ್ಣ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದು ಪಿಸುಗುಟ್ಟಿದರು. ಹಳೇ ಸ್ಪೀಕರ್‌ನಿಂದ ಕಿತ್ತ ಆಯಸ್ಕಾಂತ ಅವರ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಬಣ್ಣಕ್ಕೆ ಗೀರು ಬೀಳದಿರಲಿ ಅಂತ ಬನಿಯನ್ ಬಟ್ಟೆ ಸುತ್ತಿದ್ದಾರೆ. ಅದನ್ನು ಬಾನೆಟ್ ಮೇಲೆ ಇಟ್ಟರು, ಅಂಟಲಿಲ್ಲ. ಜಾರಿ ನೆಲಕ್ಕೆ ಬಿತ್ತು. ಮುಂದಿನ ಚಕ್ರದ ಮೇಲಿನ ಫೆಂಡರ್‌ಗೆ ಇಟ್ಟರು, ಅಲ್ಲೂ ನಿಲ್ಲಲಿಲ್ಲ. ರೂಫ್‌ಗೆ ಇಟ್ಟರು, ಉಹುಂ. ಪಾಂಡವಪುರ ಕಡೆಯವರು, ಬನ್ನಿಮಂಟಪದಲ್ಲಿ ಶೆಡ್ಡು, ಮೂವತ್ತು ವರ್ಷದ ಟಿಂಕರಿಂಗ್. ಆಯಸ್ಕಾಂತ ಬಿತ್ತು ಅಂದರೆ ಅಲ್ಲಿ ಗುದ್ದಿದ ತಗ್ಗು ಮುಚ್ಚಲು ಪುಟ್ಟಿ ಮೆತ್ತಿದ್ದಾರೆ ಅಂತಲೇ ಅವರ ಲೆಕ್ಕ. ರೂಫ್‌ಗೂ ಪುಟ್ಟಿ ಅಂದರೆ ಗಾಡಿ ಪಲ್ಟಿ ಹೊಡೆದಿರಲೇಬೇಕು.

"ಅಣ್ಣಾ, ಬಾಗಿಲಿಗೆ ಇಟ್ಟು ನೋಡಿ" ಅಂದೆ.

ಟಕ್ ಅಂತ ಹಿಡಿದುಕೊಂಡಿತು. ಡಿಕ್ಕಿ ಮುಚ್ಚಳಕ್ಕೂ ಹಿಡಿಯಿತು. ಅವರು ಒಂದು ಸಲ ನನ್ನ ಮುಖ ನೋಡಿದರು, ಒಂದು ಸಲ ಕಾರು ನೋಡಿದರು. "ಮುಂದ್ಗಡೆ ಅಲ್ಮಿನಿ, ಹಿಂದ್ಗಡೆ ಕಬ್ಣನಾ? ಎರಡು ಜಾತಿ ಕೂಡ್ಸವ್ರಾ?"

ಹೌದು, ಕೂಡಿಸಿದ್ದಾರೆ. ಅದು 2012ರ ಆಡಿ ಟಿಟಿ. 2006ರಲ್ಲಿ ಬಂದ ಎರಡನೇ ತಲೆಮಾರಿನ ಟಿಟಿಯ ಬಾಡಿಯಲ್ಲಿ ಶೇ. 69ರಷ್ಟು ಅಲ್ಯೂಮಿನಿಯಂ, ಉಳಿದದ್ದು ಉಕ್ಕು. ಮುಂಭಾಗ, ರೂಫ್, ಪಕ್ಕದ ಮೈ ಎಲ್ಲ ಅಲ್ಯೂಮಿನಿಯಂ. ಬಾಗಿಲು, ಡಿಕ್ಕಿ ಮುಚ್ಚಳ, ಹಿಂದಿನ ನೆಲ ಉಕ್ಕು. ಎಂಜಿನ್ ಮುಂದೆ ಇರುವುದರಿಂದ ತೂಕ ಸರಿದೂಗಲಿ ಅಂತ ಹಿಂದೆ ಉಕ್ಕು ಹಾಕಿದ್ದಾರೆ. ಎರಡನ್ನೂ ರಿವೆಟ್ ಹೊಡೆದು, ಅಂಟು ಹಾಕಿ ಜೋಡಿಸಿದ್ದಾರೆ.

ನಾನು ಈ ಕಾರು ನೋಡಲು ಹೊರಟಾಗಲೇ ಒಂದು ಗೆರೆ ಎಳೆದುಕೊಂಡಿದ್ದೆ. ಮುಂದೆ ಗುದ್ದಿದ್ದರೆ ಬೇಡ. ಹಿಂದೆ ಗುದ್ದಿದ್ದರೆ ನೋಡೋಣ. ಉಕ್ಕನ್ನು ಎಳೆದು, ತಟ್ಟಿ ದಾರಿಗೆ ತರಬಹುದು, ನಮ್ಮೂರಲ್ಲಿ ಅದಕ್ಕೆ ಕೈ ಪಳಗಿದವರಿದ್ದಾರೆ. ಅಲ್ಯೂಮಿನಿಯಂ ಹಾಗಲ್ಲ. ತಟ್ಟಿದರೆ ಬಿರುಕು ಬಿಡುತ್ತದೆ. ಉಕ್ಕು ಕಾದರೆ ಕೆಂಪಾಗುತ್ತದೆ, ಎಲ್ಲಿ ನಿಲ್ಲಿಸಬೇಕು ಅಂತ ಕಣ್ಣಿಗೆ ಗೊತ್ತಾಗುತ್ತದೆ. ಅಲ್ಯೂಮಿನಿಯಂ ಬಣ್ಣವನ್ನೇ ಬದಲಿಸದೆ 660 ಡಿಗ್ರಿ ಹತ್ತಿರ ಬಂದು ಒಮ್ಮೆಲೇ ಕರಗಿಬಿಡುತ್ತದೆ. ಕಬ್ಬಿಣ ಉಜ್ಜಿದ ಸ್ಯಾಂಡಿಂಗ್ ಡಿಸ್ಕನ್ನೇ ಇದಕ್ಕೂ ಬಳಸಿದರೆ ಕಬ್ಬಿಣದ ಪುಡಿ ಕೂತು, ನೀರು ತಾಗಿ, ಕೆಲವು ತಿಂಗಳಲ್ಲಿ ಬಣ್ಣದ ಕೆಳಗೆ ಬಿಳಿ ಬೂದಿಯಂಥದ್ದು ಉಬ್ಬಿ ಬರುತ್ತದೆ. ಟಿಂಕರಣ್ಣ ಇದನ್ನೆಲ್ಲ ಒಂದೇ ಮಾತಲ್ಲಿ ಹೇಳಿದರು: "ಕಬ್ಣ ಆದ್ರೆ ಹೊಡ್ದು ಬುದ್ಧಿ ಹೇಳ್ಬೋದು ಸಾ. ಇದು ಮುನುಸ್ಕತದೆ."

ಕಾರು ಇದ್ದದ್ದು ಮೈಸೂರಿನ ವಿಜಯನಗರದಲ್ಲಿ, ನಂಬರ್ ಬೆಂಗಳೂರಿನದು. ಮಾಲೀಕರು 2018ರಲ್ಲಿ ಕೊಂಡು, ಕೆಲಸದ ಮೇಲೆ ವಾರಕ್ಕೆರಡು ಸಲ ಬೆಂಗಳೂರಿಗೆ ಓಡಾಡಿದವರು. ಕೇಳಿದ್ದು 16.5 ಲಕ್ಷ. "ಆಕ್ಸಿಡೆಂಟ್ ಏನಾದ್ರೂ ಆಗಿದೆಯಾ ಸಾರ್?" ಅಂದರೆ "ಹಿಂದೆ ಸಣ್ಣ ಟಚಪ್ ಮಾಡಿಸಿದೀನಿ, ಅಷ್ಟೆ" ಅಂದರು. ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರ ಬಾಯಲ್ಲಿ 'ಟಚಪ್' ಅನ್ನುವ ಮಾತಿಗೆ ಅಳತೆಯೇ ಇಲ್ಲ, ಅಲ್ವಾ?

ಹಾಗಾಗಿ ಇನ್ಶೂರೆನ್ಸ್ ಪಾಲಿಸಿ ಕೇಳಿದೆ. ಎಲ್ಲರೂ ಅದರಲ್ಲಿ ಮುಗಿಯುವ ತಾರೀಕು ನೋಡುತ್ತಾರೆ. ನಾನು ನೋಡುವುದು ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ನಮ್ಮ ಗಾಡಿಯ ಹಾನಿಗೆ ಕಟ್ಟುವ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ. 20 ಕಡಿತ. ಆಮೇಲೆ 25, 35, 45, ಐದು ವರ್ಷ ಸುಮ್ಮನಿದ್ದರೆ 50. ಒಂದು ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಶುರು. ಇವರು 2018ರಿಂದ ಇಟ್ಟುಕೊಂಡಿದ್ದಾರೆ, ಸಣ್ಣ ಟಚಪ್ ಅಷ್ಟೆ ಅಂದರೆ 50 ಇರಬೇಕಿತ್ತು. 2024ರ ಜುಲೈನಲ್ಲಿ ಶುರುವಾದ ಪಾಲಿಸಿಯಲ್ಲಿ 20 ಇತ್ತು. ಪಾಲಿಸಿ ಮುಗಿದು 90 ದಿನ ಕಳೆದರೂ ಬೋನಸ್ ಹೋಗುತ್ತದೆ, ಆದರೆ ಇಲ್ಲಿ ಹಳೇ ಪಾಲಿಸಿಗಳೆಲ್ಲ ಒಂದರ ಹಿಂದೆ ಒಂದು ಸರಿಯಾಗಿಯೇ ಇದ್ದವು. ಅಂದರೆ 2023ರ ಜುಲೈಗೆ ಮುಂಚಿನ ವರ್ಷದಲ್ಲಿ ಒಂದು ಕ್ಲೇಮ್ ಆಗಿದೆ.

"ಸಾರ್, ಇಲ್ಲಿ 20 ಅಂತಿದೆಯಲ್ಲ?" ಅಂತ ಬೆರಳಿಟ್ಟು ತೋರಿಸಿದೆ.

ಅವರು ಸ್ವಲ್ಪ ಹೊತ್ತು ಪಾಲಿಸಿ ನೋಡಿದರು. ಆಮೇಲೆ "ಕಾಫಿ ತಗೋತೀರಾ?" ಅಂದರು. ಒಳಗೆ ಹೋದವರು ಕಾಫಿ ಜೊತೆ ಒಂದು ಫೈಲೂ ತಂದರು. 2023ರ ಏಪ್ರಿಲ್, ಆಗಷ್ಟೇ ಶುರುವಾಗಿದ್ದ ಹೊಸ ಹೈವೇ, ಕಣಿಮಿಣಿಕೆ ಟೋಲ್ ಸಾಲು. ಇವರು ನಿಂತಿದ್ದರು, ಹಿಂದಿನ ಪಿಕಪ್ ನಿಲ್ಲಲಿಲ್ಲ. ಬಿಲ್ 3.84 ಲಕ್ಷ.

ಮೊತ್ತ ಕೇಳಿ ನನಗೆ ಭಯ ಆಗಲಿಲ್ಲ, ಇಂಥ ಕಾರಿಗೆ ಒಂದು ಬಂಪರ್, ಒಂದು ಟೇಲ್ ಲ್ಯಾಂಪ್ ಅಂದರೆ ಸುಮ್ನೆ ಲಕ್ಷ ದಾಟುತ್ತದೆ. ಐಡಿವಿ, ಅಂದರೆ ಇನ್ಶೂರೆನ್ಸ್‌ನವರು ಗಾಡಿಗೆ ಕಟ್ಟಿದ ಬೆಲೆ, 15 ಲಕ್ಷ ಇತ್ತು. ರಿಪೇರಿ ಖರ್ಚು ಐಡಿವಿಯ ಶೇ. 75 ಮೀರಿದರೆ ರಿಪೇರಿ ಬೇಡ ಅಂತ ಟೋಟಲ್ ಲಾಸ್ ಮಾಡುತ್ತಾರೆ. ಆ ಗಾಡಿಗಳು ಹರಾಜಾಗಿ, ಇನ್ನೆಲ್ಲೋ ಜೋಡಣೆಯಾಗಿ, ಪಾಲಿಶ್ ಹೊಡೆಸಿಕೊಂಡು ಮತ್ತೆ ಮಾರುಕಟ್ಟೆಗೆ ಬರುವುದುಂಟು. ಅವುಗಳ ತಂಟೆಗೆ ನಾನು ಹೋಗುವವನಲ್ಲ. ಇದು ಆ ಜಾತಿಯದಲ್ಲ. ಬಿಲ್ಲಿನ ಫೋಟೋ ಹೊಡೆದುಕೊಂಡೆ: ಹಿಂದಿನ ಬಂಪರ್, ಅದರೊಳಗಿನ ಕ್ರ್ಯಾಶ್ ಬಾರ್, ಡಿಕ್ಕಿ ಮುಚ್ಚಳ, ಬಲಗಡೆ ಟೇಲ್ ಲ್ಯಾಂಪ್, ಸೈಲೆನ್ಸರ್, ನೆಲ ಎಳೆದ ಕೂಲಿ, ಪೇಂಟ್. ಈ ಪಟ್ಟಿಯಲ್ಲಿ ಏನಿಲ್ಲ ಅನ್ನುವುದು ಮುಂದೆ ಕೆಲಸಕ್ಕೆ ಬಂತು.

ಮುಂದಿನ ಭಾನುವಾರ ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್ ಹಿಡಿದುಕೊಂಡು ಹೋದೆ. ನಾಲ್ಕು ಸಾವಿರದ್ದು. ಕೊಳ್ಳುವಾಗ ಒಂದು ಎಚ್ಚರ ಬೇಕು: ಕೆಲವು ಗೇಜ್ ಕಬ್ಬಿಣದ ಮೇಲೆ ಮಾತ್ರ ಅಳೆಯುತ್ತವೆ, ಇಂಥ ಕಾರಿಗೆ ಅಲ್ಯೂಮಿನಿಯಂ ಮೇಲೂ ಅಳೆಯುವಂಥದೇ ಆಗಬೇಕು. ಫ್ಯಾಕ್ಟರಿ ಬಣ್ಣ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ದಪ್ಪ. ಬಾನೆಟ್ 118, 121, 116. ಫೆಂಡರ್ ಎರಡೂ 110ರ ಆಸುಪಾಸು. ರೂಫ್ 115. ಇಲ್ಲಿಗೆ ನನ್ನ ಅರ್ಧ ಉಸಿರು ಬಂತು, ಮುಂದೆ ಯಾರೂ ಕೈಯಾಡಿಸಿಲ್ಲ. ಡಿಕ್ಕಿ ಮುಚ್ಚಳ ಎಲ್ಲೆಲ್ಲೂ 160, ಅಂದರೆ ಹೊಸ ಮುಚ್ಚಳಕ್ಕೆ ಬಣ್ಣ ಹೊಡೆದಿದ್ದಾರೆ. ಬಲ ಹಿಂಬದಿ ಚಕ್ರದ ಮೇಲೆ ಮಾತ್ರ 240 ಇದ್ದದ್ದು, ಟೇಲ್ ಲ್ಯಾಂಪ್ ಹತ್ತಿರ ಹೋಗುತ್ತಾ 610 ಆಯಿತು. ಅಂಗೈ ಅಗಲದ ಜಾಗ. ಅದು ಪುಟ್ಟಿ, ಅದೂ ಅಲ್ಯೂಮಿನಿಯಂ ಮೇಲೆ. ಟಿಂಕರಣ್ಣ ಉಗುರಿನಿಂದ ಅಂಚು ಕೆರೆದು, ಟಾರ್ಚ್ ಅಡ್ಡ ಹಿಡಿದು ನೋಡಿದರು. ಬಣ್ಣ ಉಬ್ಬಿರಲಿಲ್ಲ, ಬೂದಿ ಇರಲಿಲ್ಲ. ಎರಡು ಮಳೆಗಾಲ ದಾಟಿದೆ, ಇರಲಿ ಅಂದರು.

ಆಮೇಲೆ ಡಿಕ್ಕಿಯ ಚಾಪೆ ಎತ್ತಿಸಿದೆವು. ಟಿಂಕರಣ್ಣ ಅರ್ಧ ಮೈ ಒಳಗೆ ತೂರಿಸಿ ಹತ್ತು ನಿಮಿಷ ಬೆರಳಾಡಿಸಿದರು. ಎಡಗಡೆ ಜಾಯಿಂಟಿನಲ್ಲಿ ನೀರು ತಡೆಯುವ ಫ್ಯಾಕ್ಟರಿ ಸೀಲೆಂಟ್, ಜಡೆಗೆ ಕಟ್ಟಿದ ಟೇಪಿನ ಹಾಗೆ ಒಂದೇ ಅಗಲ. ಬಲಗಡೆ ಬೆರಳಲ್ಲಿ ಸವರಿದ್ದು, ಹೆಚ್ಚುಕಮ್ಮಿ. ನೆಲದಲ್ಲಿ ಕಡ್ಡಿಯಷ್ಟು ಸಣ್ಣ ಸುಕ್ಕು ಉಳಿದಿತ್ತು. ಹೊರಗೆ ಬಂದು ಮೊಣಕಾಲಿನ ಧೂಳು ಕೊಡವಿಕೊಂಡು ಹೇಳಿದರು: "ಎಳ್ದವ್ರೆ. ಕೆಲ್ಸ ಗೊತ್ತಿರೋನೇ ಎಳ್ದವ್ನೆ. ಆದ್ರೆ ಸೀಲೆಂಟ್ ಹಾಕೋ ಹೊತ್ಗೆ ಊಟದ ಟೈಮ್ ಆಗ್‌ಬುಟ್ಟದೆ."

ಏರ್‌ಬ್ಯಾಗ್ ವಿಷಯ ಬೇಗ ಮುಗಿಯಿತು. ಇಗ್ನಿಷನ್ ಹಾಕಿದರೆ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಉರಿದು ಆರಬೇಕು. ಆರದಿದ್ದರೆ ದೋಷ. ಉರಿಯದೇ ಇದ್ದರೆ ಇನ್ನೂ ಅನುಮಾನ, ಯಾರೋ ದೀಪವನ್ನೇ ಕಿತ್ತಿರುತ್ತಾರೆ. ಇದು ಉರಿದು ಆರಿತು. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಬುಡದ ಚೀಟಿ ನೋಡಿದೆ, ಎರಡೂ 2012, ಅಂದರೆ ಕಾರಿನ ಜೊತೆಗೇ ಬಂದದ್ದು. ಸ್ಕ್ಯಾನರ್ ಹಾಕಿದಾಗ ಹಿಂದಿನ ಒಂದು ಪಾರ್ಕಿಂಗ್ ಸೆನ್ಸರ್ ಸತ್ತಿದೆ ಅಂತ ಬಿಟ್ಟರೆ ಬೇರೇನೂ ಬರಲಿಲ್ಲ. ಹಿಂದಿನ ಸ್ಪಾಯ್ಲರ್ ಸ್ವಿಚ್ ಒತ್ತಿದರೆ ಏಳುತ್ತದೆ, ಇಳಿಯುತ್ತದೆ. ತಾನಾಗಿ ಏಳುವುದು ಗಂಟೆಗೆ 120 ಕಿ.ಮೀ. ಆಸುಪಾಸು ದಾಟಿದರೆ. ನಮ್ಮ ಮೈಸೂರು ಹೈವೇಯ ಮಿತಿ 100, ಮೇಲೆ ಕ್ಯಾಮೆರಾ ಬೇರೆ. ಹಾಗಾಗಿ ಕಾನೂನು ಪ್ರಕಾರ ಆ ಸ್ಪಾಯ್ಲರ್ ತಾನಾಗಿ ಎದ್ದದ್ದನ್ನು ನಾನು ನೋಡುವ ಯೋಗವಿಲ್ಲ.

ನಿಜವಾದ ವಿಷಯ ಸಿಕ್ಕಿದ್ದು ಟೈರಿನಲ್ಲಿ. ಬಲ ಹಿಂಬದಿ ಟೈರಿನ ಒಳಗೆ ಕೈ ಹಾಕಿ ಸವರಿದೆ. ಹೊರಗಡೆ ಗಟ್ಟಿ ಹಲ್ಲು ಇದ್ದವು, ಒಳಗಡೆ ಅಂಚು ಬೋಳಾಗಿತ್ತು. ಎಡಗಡೆಯದು ಸಮ. ಓಡಿಸಲು ರಿಂಗ್ ರೋಡಿಗೆ ಹೋದೆವು. ಕಾರು ನೇರ ಹೋಗುತ್ತಿತ್ತು, ಆದರೆ ಸ್ಟೀರಿಂಗ್ ಒಂದು ಬೆರಳಷ್ಟು ವಾರೆ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಎಡಕ್ಕೆ ಒಂಥರಾ, ಬಲಕ್ಕೆ ಒಂಥರಾ. ಏಡಿ ನಡೆದ ಹಾಗೆ ಹಿಂದಿನ ಚಕ್ರ ಸ್ವಲ್ಪ ಪಕ್ಕಕ್ಕೆ ತಳ್ಳುತ್ತಿದೆ ಅನ್ನಿಸಿತು.

ಅಲೈನ್‌ಮೆಂಟ್ ಅಂಗಡಿಗೆ ಒಯ್ದೆವು. ಅಲ್ಲಿ ನಾನು ಹೇಳಿದ್ದು ಒಂದೇ: "ಏನೂ ಸರಿಮಾಡಬೇಡಿ. ಈಗ ಹೇಗಿದೆಯೋ ಹಾಗೆ ಅಳೆದು ಪ್ರಿಂಟ್ ಕೊಡಿ." ಸರಿಮಾಡಿದ ಮೇಲೆ ಎಲ್ಲ ಅಂಕಿ ಹಸಿರಾಗಿ ಬರುವ ಹಾಳೆಯಿಂದ ಕೊಳ್ಳುವವನಿಗೆ ಪ್ರಯೋಜನವಿಲ್ಲ. ಮುಂದಿನ ಎರಡು ಚಕ್ರದ ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದರೆ ಸ್ಟೀರಿಂಗ್ ತಿರುಗುವ ಅಕ್ಷ ವಾಲಿದ ಕೋನ, ಹೆಚ್ಚುಕಮ್ಮಿ ಒಂದೇ. ಅಲ್ಲಿಗೆ ಮುಂಭಾಗದ ಅನುಮಾನ ಪೂರ್ತಿ ಹೋಯಿತು. ಹಿಂದೆ ಎಡ ಕ್ಯಾಂಬರ್, ಅಂದರೆ ಚಕ್ರದ ತಲೆ ವಾಲಿದ ಕೋನ (ಮೈನಸ್ ಅಂದರೆ ಒಳಕ್ಕೆ), ಮೈನಸ್ 1 ಡಿಗ್ರಿ 20 ನಿಮಿಷ, ಬಲ ಮೈನಸ್ 2 ಡಿಗ್ರಿ 10 ನಿಮಿಷ. ಕೆಳಗಿನಿಂದ ನೋಡಿದರೆ ಬಲಗಡೆ ಅಡ್ಜಸ್ಟ್ ಮಾಡುವ ಬೋಲ್ಟ್ ಆಗಲೇ ಕೊನೆಗೆ ಬಂದು ನಿಂತಿದೆ. ಇನ್ನು ತಿರುಗಿಸಲು ಜಾಗವಿಲ್ಲ. ಅಂದರೆ ಅವತ್ತಿನ ಏಟು ಆ ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್‌ಗೂ ತಾಗಿದೆ. 3.84 ಲಕ್ಷದ ಬಿಲ್ಲಿನಲ್ಲಿ ಇಲ್ಲದ್ದು ಇದೇ. ಕಣ್ಣಿಗೆ ಕಂಡದ್ದನ್ನೆಲ್ಲ ಬದಲಿಸಿ, ಬಾಗಿದ ಆರ್ಮನ್ನು ಬೋಲ್ಟ್ ತಿರುಗಿಸಿ ಮುಚ್ಚಿದ್ದಾರೆ.

ಮಾಲೀಕರಿಗೆ ಪಾಪ, ನಿಜಕ್ಕೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಹಾಳೆ ಹಿಡಿದು ಸುಮ್ಮನೆ ನಿಂತರು. ನಾನು ಚೌಕಾಸಿ ಮಾಡಲಿಲ್ಲ, ಲೆಕ್ಕ ಬರೆದು ಕೊಟ್ಟೆ. ಆರ್ಮ್, ಬೋಲ್ಟ್, ಕೂಲಿ 48 ಸಾವಿರ. ಹಿಂದಿನ ಎರಡು ಟೈರ್ 34 ಸಾವಿರ. ಸೆನ್ಸರ್. ಗೇರ್‌ಬಾಕ್ಸ್ ಮತ್ತು ಹಿಂದಿನ ಚಕ್ರಗಳಿಗೂ ಶಕ್ತಿ ಕಳಿಸುವ ಹಾಲ್ಡೆಕ್ಸ್‌ನ ಆಯಿಲ್ ಯಾವಾಗ ಬದಲಿಸಿದ್ದು ಅನ್ನುವುದಕ್ಕೆ ದಾಖಲೆ ಇಲ್ಲ, ಅದಕ್ಕೊಂದು 40 ಸಾವಿರ. ಇನ್ನೊಂದು ಮಾತೂ ಸೇರಿಸಿದೆ: 2027ಕ್ಕೆ ಆರ್‌ಸಿಗೆ 15 ವರ್ಷ ತುಂಬುತ್ತದೆ, ಫಿಟ್‌ನೆಸ್ ಪರೀಕ್ಷೆ (ಎಫ್‌ಸಿ) ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನಾಳೆ ನಾನು ಮಾರುವಾಗಲೂ ಇದೇ ಫೈಲ್ ತೋರಿಸಬೇಕು, ಆಗ ನನ್ನ ಬೆಲೆಯೂ ಇಳಿಯುತ್ತದೆ. 12.25 ಲಕ್ಷಕ್ಕೆ ಮುಗಿಯಿತು.

ಮಾಲೀಕತ್ವ ಬದಲಿಸುವ ಫಾರಂ 29, 30ಕ್ಕೆ ಸಹಿ ಆದ ದಿನವೇ ಇನ್ಶೂರೆನ್ಸ್ ವರ್ಗಾವಣೆಗೂ ಅರ್ಜಿ ಹಾಕಿದೆ. 14 ದಿನದೊಳಗೆ ಹಾಕದಿದ್ದರೆ ನಮ್ಮ ಕಾರಿಗೆ ಆಗುವ ಡ್ಯಾಮೇಜ್‌ಗೆ ಕ್ಲೇಮ್ ಸಿಗುವುದು ಕಷ್ಟ. ಹಳೇ ಮಾಲೀಕರ ಬೋನಸ್ ಅವರ ಜೊತೆಗೇ ಹೋಗುತ್ತದೆ, ಅದರ ವ್ಯತ್ಯಾಸದ ದುಡ್ಡು ನಾನು ಕಟ್ಟಬೇಕಾಯಿತು. ಮನೆಯಲ್ಲಿ ಅಮ್ಮ ಮಾತ್ರ "ಏಟು ತಿಂದ ಗಾಡಿ ಯಾಕೋ ತಂದೆ?" ಅಂತ ಒಂದು ವಾರ ಮಾತು ಬಿಟ್ಟಿದ್ದರು. ಆಮೇಲೆ ತಾವೇ ನಾಲ್ಕು ನಿಂಬೆಹಣ್ಣು ತಂದರು. ಹಿಂದಿನ ಸೀಟಿನಲ್ಲಿ ಕೂರಲು ಹೋಗಿ ತಲೆ ಬಡಿಸಿಕೊಂಡ ಮೇಲೆ ಮತ್ತೆ ಬೈದರು.

ಆರ್ಮ್ ಹಾಕಿಸಿದ ಮೇಲೆ ಸ್ಟೀರಿಂಗ್ ನೆಟ್ಟಗಾಯಿತು. ಬಲ ಕ್ಯಾಂಬರ್ ಮೈನಸ್ 1 ಡಿಗ್ರಿ 25 ನಿಮಿಷಕ್ಕೆ ಬಂತು.

ಮೇ ತಿಂಗಳ ಮೊದಲ ಜೋರು ಮಳೆಯ ಮಾರನೇ ದಿನ ಡಿಕ್ಕಿಯ ಚಾಪೆ ಎತ್ತಿದರೆ ಬಲ ಮೂಲೆಯಲ್ಲಿ ಒದ್ದೆ. ಬನ್ನಿಮಂಟಪಕ್ಕೆ ಒಯ್ದೆ. ಟಿಂಕರಣ್ಣ ದೇವರ ಫೋಟೋ ಮುಂದಿದ್ದ ವಿಭೂತಿ ತಂದು, ಒಳಗಿನ ಜಾಯಿಂಟ್ ಉದ್ದಕ್ಕೂ ಉದುರಿಸಿದರು. ಹುಡುಗನಿಗೆ ಹೊರಗಿನಿಂದ ಪೈಪ್ ಹಿಡಿಯಲು ಹೇಳಿ ತಾವು ಟಾರ್ಚ್ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ಬಿಳಿ ಪುಡಿಯ ಮೇಲೆ ಒಂದು ಕಪ್ಪು ಗೆರೆ ಇಳಿಯಿತು, ಟೇಲ್ ಲ್ಯಾಂಪ್ ಹಿಂದಿನಿಂದ. ಗ್ಯಾಸ್ಕೆಟ್ ಒಂದು ಕಡೆ ಮಡಚಿಕೊಂಡಿತ್ತು. ಲ್ಯಾಂಪ್ ಬಿಚ್ಚಿ, ಬಿಡಿಸಿ, ಮತ್ತೆ ಕೂರಿಸಿದರು. ದುಡ್ಡು ಕೇಳಲಿಲ್ಲ. "ಆ ಕೀ ಕೊಡಿ ಸಾ, ಮಿಲೇನಿಯಂ ಸರ್ಕಲ್‌ಗಂಟ ಹೋಗ್ಬತ್ತೀನಿ" ಅಂದರು.