ಹುಲ್ಲು ಹೊಡೆಯುವ ಮಷಿನ್ ಕೆಟ್ಟರೆ ರಿಪೇರಿನಾ, ಹೊಸದಾ? ನನ್ನ ಅನುಭವ

ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾಗುವ ಮುಂಚೆ ಅಡಿಕೆ ತೋಟದ ಹುಲ್ಲು ಹೊಡೆದು ಮುಗಿಸಲೇಬೇಕು. ಇಲ್ಲಾಂದ್ರೆ ಉದುರಿದ ಅಡಿಕೆ ಹುಡುಕುವುದೇ ಕಷ್ಟ. ಸರಿಯಾಗಿ ಆ ಹೊತ್ತಿಗೇ ನಮ್ಮ 2 ಸ್ಟ್ರೋಕ್ ಮಷಿನ್ ಕೈಕೊಟ್ಟಿತು. ಸ್ಟಾರ್ಟ್ ಆಗುತ್ತದೆ, ರೇಸ್ ಕೊಟ್ಟ ಕೂಡಲೇ ನಿಲ್ಲುತ್ತದೆ. ಅಂಗಡಿಯವರು ಬಿಚ್ಚಿಯೂ ನೋಡದೆ "ಹಳೇದಾಯ್ತು ಮಾರಾಯ್ರೇ, ಹೊಸದು ತಗೊಳ್ಳಿ" ಅಂದರು.

ನಾನು ಮಷಿನ್ನಿನ ವಯಸ್ಸು ನೋಡುವುದಿಲ್ಲ, ಪಿಸ್ಟನ್ ನೋಡುತ್ತೇನೆ. 2 ಸ್ಟ್ರೋಕ್ ಇಂಜಿನ್ನಿಗೆ ಬೇರೆ ಆಯಿಲ್ ಇರುವುದಿಲ್ಲ, ಪೆಟ್ರೋಲಿಗೆ ಬೆರೆಸಿದ್ದೇ ಅದಕ್ಕೆ ಆಧಾರ. 50:1 ಅಂದರೆ ಲೀಟರ್ ಪೆಟ್ರೋಲಿಗೆ 20 ಎಂಎಲ್ ಆಯಿಲ್, 25:1 ಅಂದರೆ 40 ಎಂಎಲ್. ಯಾರೋ ಒಬ್ಬರು ಬರೀ ಪೆಟ್ರೋಲ್ ಹಾಕಿ ಓಡಿಸಿದರೂ ಸಾಕು, ಪಿಸ್ಟನ್ ಮೇಲೆ ಗೀರು ಬಿದ್ದು ಕಂಪ್ರೆಷನ್ (ಇಂಜಿನ್ ಒಳಗಿನ ಒತ್ತಡ) ಹೋಗುತ್ತದೆ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಸ್ವಿಚ್ ಆಫ್ ಮಾಡಿ, ಪ್ಲಗ್ಗಿನ ಕ್ಯಾಪ್ ತೆಗೆದಿಟ್ಟು, ಹಗ್ಗ ನಿಧಾನಕ್ಕೆ ಎಳೆಯಿರಿ. ತಡೆದು ತಡೆದು ಬಂದರೆ ಕಂಪ್ರೆಷನ್ ಇದೆ, ಸಲೀಸಾಗಿ ಬಂದರೆ ಅನುಮಾನ ಪಡಬೇಕು. ಆಮೇಲೆ ಇಂಜಿನ್ ತಣ್ಣಗಿರುವಾಗ ಸೈಲೆನ್ಸರ್ ಬಿಚ್ಚಿ, ಆ ತೂತಿನಿಂದ ಟಾರ್ಚ್ ಬಿಟ್ಟು, ಹಗ್ಗ ಎಳೆಯುತ್ತಾ ಪಿಸ್ಟನ್ನಿನ ಪಕ್ಕ ನೋಡಿ. ನಮ್ಮದು ನುಣ್ಣಗಿತ್ತು. ಅಲ್ಲಿಗೆ ರಿಪೇರಿ ಅಂತ ತೀರ್ಮಾನವಾಯಿತು.

ತೊಂದರೆ ಇದ್ದದ್ದು ಪೆಟ್ರೋಲ್ ಬರುವ ದಾರಿಯಲ್ಲಿ. ಟ್ಯಾಂಕಿನ ಪೈಪು ಸೀಳಿತ್ತು, ಕಾರ್ಬುರೇಟರಿನ ಒಳಗೆ ಪೆಟ್ರೋಲ್ ಎಳೆಯುವ ತೆಳು ಪರದೆ, ಡಯಾಫ್ರಾಮ್, ಗಟ್ಟಿಯಾಗಿತ್ತು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಜಾಸ್ತಿ. ಅದು ನೀರಿನಂಶ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕೇಳಬೇಕಾ! ಪೈಪು, ಫಿಲ್ಟರು, ಕಾರ್ಬುರೇಟರ್ ಕಿಟ್ ಹಾಕಿದ ಮೇಲೆ ಮಷಿನ್ ಸರಿಯಾಯಿತು. ಹೊಸ ಮಷಿನ್ನಿನ ಬೆಲೆಯ ಮುಂದೆ ಈ ಖರ್ಚು ಏನೂ ಅಲ್ಲ. ಒಂದು ಮಾತು, ರೇಸ್ ಕೊಟ್ಟಾಗ ನಿಲ್ಲುವ ಮಷಿನ್ನನ್ನು ಹೇಗೋ ಚೋಕ್ ಎಳೆದು ಓಡಿಸುತ್ತಾ ಇರಬೇಡಿ. ಪೆಟ್ರೋಲ್ ಕಮ್ಮಿ ಬಂದರೆ ಅದರ ಜೊತೆ ಆಯಿಲ್ಲೂ ಕಮ್ಮಿಯೇ ಬರುತ್ತದೆ, ಕೊನೆಗೆ ಪಿಸ್ಟನ್ನಿಗೇ ಕುತ್ತು ಬರುತ್ತದೆ.

ನಮ್ಮ ಭಾವನ ಮಷಿನ್ನಿನ ಕಥೆ ಬೇರೆ. ಅದೇ ತೂತಿನಿಂದ ನೋಡಿದರೆ ಪಿಸ್ಟನ್ ತುಂಬಾ ಉದ್ದುದ್ದ ಗೀರು. ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್), ಪಿಸ್ಟನ್, ರಿಂಗು, ಆಯಿಲ್ ಸೀಲು, ಮೇಲೆ ಮೆಕ್ಯಾನಿಕ್ ಕೂಲಿ, ಎಲ್ಲ ಸೇರಿ ಹೊಸದರ ಅರ್ಧ ಬೆಲೆ ದಾಟುತ್ತಿತ್ತು. ಸಾಲದ್ದಕ್ಕೆ ಆನ್‌ಲೈನಲ್ಲಿ ಕೊಂಡದ್ದು, ಪೇಟೆಯ ಯಾವ ಅಂಗಡಿಯಲ್ಲೂ ಅದಕ್ಕೆ ಹೊಂದುವ ಬ್ಲಾಕ್ ಸಿಗಲಿಲ್ಲ. "ಹೊಸದೇ ತಗೊಳ್ಳಿ ಭಾವ" ಅಂತ ನಾನೇ ಹೇಳಿದೆ. ಅವರು 4 ಸ್ಟ್ರೋಕ್ ತೆಗೆದುಕೊಂಡರು. ಆಯಿಲ್ ಬೆರೆಸುವ ರಗಳೆ ಇಲ್ಲ, ಸದ್ದೂ ಕಮ್ಮಿ. ಆದರೆ ಅದರ ಇಂಜಿನ್ನಿಗೆ ಆಯಿಲ್ ಬೇರೆಯೇ ಹಾಕುವುದರಿಂದ ಪ್ರತಿ ಸಲ ಆಯಿಲ್ ಮಟ್ಟ ನೋಡಿಯೇ ಸ್ಟಾರ್ಟ್ ಮಾಡಬೇಕು. ಹೊಸದು ಕೊಳ್ಳುವವರು ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ವಿಚಾರಿಸಿ. ಬಿಡಿ ಭಾಗ ಹತ್ತಿರದ ಪೇಟೆಯಲ್ಲಿ ಸಿಗುತ್ತದಾ ಅಂತ ಕೇಳಿಯೇ ದುಡ್ಡು ಕೊಡಿ.

ಭಾವನ ಹಳೇ ಮಷಿನ್ನನ್ನು ನಾವು ಗುಜರಿಗೆ ಕೊಡಲಿಲ್ಲ. ಕ್ಲಚ್ಚು, ಬ್ಲೇಡಿನ ಹತ್ತಿರದ ಗೇರ್ ಬಾಕ್ಸ್, ಹೆಗಲ ಪಟ್ಟಿ ಎಲ್ಲ ಚೆನ್ನಾಗಿದ್ದವು. ಇಂಜಿನ್ನಿನಿಂದ ಬ್ಲೇಡಿನವರೆಗಿನ ಉದ್ದ ಪೈಪು 26 ಎಂಎಮ್ಮೋ 28 ಎಂಎಮ್ಮೋ, ಒಳಗಿನ ಶಾಫ್ಟಿಗೆ ಎಷ್ಟು ಹಲ್ಲು ಅಂತ ಎಣಿಸಿ ನೋಡಿದರೆ ನಮ್ಮದಕ್ಕೆ ಹೊಂದುತ್ತಿತ್ತು. ಆ ಗೇರ್ ಬಾಕ್ಸಿಗೆ ಗ್ರೀಸ್ ತುಂಬಿ ತೆಗೆದಿಟ್ಟಿದ್ದೇನೆ.