ನಾಲ್ಕು ಸೀಟು, ಒಂದು ಸಂಸಾರ: ಅಮೆರಿಕದಿಂದ ಊರಿಗೆ ಬರಲು ಏರ್‌ಲೈನ್ ಕಾರ್ಡ್ ಬಳಸೋದು ಹೇಗೆ

ಜೂನ್‌ನಲ್ಲಿ ಮಕ್ಕಳ ಸ್ಕೂಲು ಮುಗಿದ ವಾರಕ್ಕೆ ನ್ಯೂಜೆರ್ಸಿಯಿಂದ ಬೆಂಗಳೂರಿಗೆ ಟಿಕೆಟ್ ಹುಡುಕಿ ನೋಡಿ. ನಾವು ಮೊದಲ ಸಲ ನೋಡಿದಾಗ ಒಬ್ಬರಿಗೆ 1,700 ಡಾಲರ್ ತೋರಿಸಿತ್ತು. ಒಬ್ಬನೇ ಇದ್ದಾಗ ಹೇಗೋ ನಡೆಯುತ್ತಿತ್ತು, ಈಗ ನಾನು, ಹೆಂಡತಿ, ಎರಡು ಮಕ್ಕಳು ಅಂದರೆ ನಾಲ್ಕರಿಂದ ಗುಣಿಸಬೇಕು ಅಲ್ವಾ. ಮೈಸೂರಿನಿಂದ ಅಮ್ಮ "ಈ ಸಲ ಬರ್ತೀರೇನೋ?" ಅಂತ ಕೇಳೋದು, ನಾನು "ನೋಡೋಣಮ್ಮಾ" ಅನ್ನೋದು, ಹೀಗೇ ಎರಡು ಬೇಸಿಗೆ ಕಳೆಯಿತು. ಆಮೇಲೆ ಕೂತು ಈ ಮೈಲ್ಸ್ ಲೆಕ್ಕ ಕಲಿತೆ. ಮೈಲ್ಸ್ ಅಂದರೆ ಕ್ರೆಡಿಟ್ ಕಾರ್ಡ್ ಬಳಸಿದಾಗಲೋ ವಿಮಾನದಲ್ಲಿ ಹಾರಿದಾಗಲೋ ಸಿಗುವ ಪಾಯಿಂಟು, ಅದನ್ನು ದುಡ್ಡಿನ ಬದಲು ಕೊಟ್ಟು ವಿಮಾನದ ಟಿಕೆಟ್ ಕೊಳ್ಳಬಹುದು. ಮುಂದೆ ಬರೆದಿರುವುದೆಲ್ಲ ಸಂಸಾರ ಕಟ್ಟಿಕೊಂಡು ಪ್ರಯಾಣ ಮಾಡುವವರಿಗೆ. ಬಿಸಿನೆಸ್ ಕ್ಲಾಸಿನಲ್ಲಿ ಒಬ್ಬರೇ ಮಲಗಿಕೊಂಡು ಹೋಗುವ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಮಗೆ ಬೇಕಾಗಿರುವುದು ಒಂದೇ ವಿಮಾನದಲ್ಲಿ ನಾಲ್ಕು ಸೀಟು, ಅದೂ ಮಕ್ಕಳಿಗೆ ರಜೆ ಇರುವಾಗ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟುವ ಅಭ್ಯಾಸ ಇಲ್ಲದಿದ್ದರೆ ಈ ದಾರಿಗೆ ಬರಬೇಡಿ. ಇಲ್ಲಿನ ಕಾರ್ಡುಗಳ ಬಡ್ಡಿ ವರ್ಷಕ್ಕೆ ಶೇ. 20ಕ್ಕಿಂತ ಜಾಸ್ತಿ. ಬಾಕಿ ಉಳಿಸಿಕೊಂಡು ಹೋದರೆ ಬಂದ ಮೈಲ್ಸ್ ಎಲ್ಲ ಬಡ್ಡಿಯಲ್ಲೇ ಕರಗಿಹೋಗುತ್ತದೆ. ಹಾಗೆಯೇ ಮುಂದಿನ ಒಂದು ವರ್ಷದಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕುವವರಿದ್ದರೆ, ಅದು ಮುಗಿಯುವವರೆಗೆ ಹೊಸ ಕಾರ್ಡು ಬೇಡ.

ಮೊದಲು ದಾರಿ, ಕೊನೆಗೆ ಕಾರ್ಡು

ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ವಿಮಾನದಲ್ಲಿ ಗಗನಸಖಿ ಕೊಟ್ಟ ಅರ್ಜಿ ತುಂಬಿ ಕಾರ್ಡು ತಗೊಂಡು, ಆಮೇಲೆ ಆ ಮೈಲ್ಸ್‌ನಲ್ಲಿ ಎಲ್ಲಿಗೆ ಹೋಗಬಹುದು ಅಂತ ಹುಡುಕುತ್ತಾರೆ. ನೀವು ಊರಿಗೆ ಯಾವ ದಾರಿಯಲ್ಲಿ ಹೋಗುತ್ತೀರಿ ಅಂತ ಮೊದಲು ನೋಡಿ. ಬೆಂಗಳೂರಿಗೆ ಫ್ರಾಂಕ್‌ಫರ್ಟ್ ಮತ್ತು ಮ್ಯೂನಿಕ್‌ನಿಂದ ಲುಫ್ತಾನ್ಸಾ, ಪ್ಯಾರಿಸ್‌ನಿಂದ ಏರ್ ಫ್ರಾನ್ಸ್, ಆಮ್‌ಸ್ಟರ್‌ಡ್ಯಾಮ್‌ನಿಂದ ಕೆಎಲ್ಎಂ, ಲಂಡನ್‌ನಿಂದ ಬ್ರಿಟಿಷ್ ಏರ್‌ವೇಸ್ ಮತ್ತು ವರ್ಜಿನ್ ಅಟ್ಲಾಂಟಿಕ್ ಬರುತ್ತವೆ. ಪಶ್ಚಿಮ ಕರಾವಳಿಯಲ್ಲಿ ಇರುವವರಿಗೆ ಸಿಂಗಾಪುರದ ದಾರಿಯೂ ಇದೆ.

ಲುಫ್ತಾನ್ಸಾ ಸೀಟನ್ನು ಲುಫ್ತಾನ್ಸಾ ಮೈಲ್ಸ್‌ನಲ್ಲೇ ಕೊಳ್ಳಬೇಕು ಅಂತ ಇಲ್ಲ. ಅದು ಸ್ಟಾರ್ ಅಲಯನ್ಸ್ ಅನ್ನುವ ಏರ್‌ಲೈನ್‌ಗಳ ಕೂಟದಲ್ಲಿದೆ, ಹಾಗಾಗಿ ಯುನೈಟೆಡ್ ಮೈಲ್ಸ್ ಅಥವಾ ಏರ್ ಕೆನಡಾದ ಏರೋಪ್ಲಾನ್ ಪಾಯಿಂಟಿನಲ್ಲೂ ಸಿಗುತ್ತದೆ. ಏರ್ ಇಂಡಿಯಾ ಕೂಡ 2014ರಿಂದ ಅದೇ ಕೂಟದಲ್ಲಿದೆ. ಏರ್ ಫ್ರಾನ್ಸ್, ಕೆಎಲ್ಎಂ ಎರಡಕ್ಕೂ ಫ್ಲೈಯಿಂಗ್ ಬ್ಲೂ ಮೈಲ್ಸ್.

ಕಾರ್ಡುಗಳಲ್ಲಿ ಎರಡು ಜಾತಿ. ಯುನೈಟೆಡ್ ಎಕ್ಸ್‌ಪ್ಲೋರರ್ ತರಹದ ಏರ್‌ಲೈನ್ ಕಾರ್ಡಿನ ಮೈಲ್ಸ್ ನೇರವಾಗಿ ಆ ಒಂದು ಏರ್‌ಲೈನ್ ಖಾತೆಗೆ ಹೋಗುತ್ತದೆ. ಚೇಸ್ ಬ್ಯಾಂಕಿನ ಸಫೈರ್ ಪ್ರಿಫರ್ಡ್ ತರಹದ ಕಾರ್ಡಿನ ಪಾಯಿಂಟು ಬ್ಯಾಂಕಿನಲ್ಲೇ ಇರುತ್ತದೆ, ಬೇಕಾದಾಗ ಯುನೈಟೆಡ್‌ಗೋ ಏರೋಪ್ಲಾನ್‌ಗೋ ಫ್ಲೈಯಿಂಗ್ ಬ್ಲೂಗೋ ಒಂದಕ್ಕೆ ಒಂದರಂತೆ ಕಳಿಸಬಹುದು. ಅದರ ವರ್ಷದ ಫೀಸು 95 ಡಾಲರ್. ನಾಲ್ಕು ಜನರ ಸಂಸಾರಕ್ಕೆ ಮೊದಲ ಕಾರ್ಡು ಈ ಎರಡನೇ ಜಾತಿಯದೇ ಇರಲಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಾಲ್ಕು ಸೀಟು ಈ ವರ್ಷ ಯಾವ ಏರ್‌ಲೈನ್ ಬಿಡುತ್ತದೆ ಅಂತ ಮುಂಚೆ ಯಾರಿಗೂ ಗೊತ್ತಿರಲ್ಲ. ಏರ್‌ಲೈನ್ ಕಾರ್ಡು ಎರಡನೆಯದಾಗಿ ಬರಲಿ. ಯುನೈಟೆಡ್ ಕಾರ್ಡು ಇದ್ದವರಿಗೆ ಬೇರೆಯವರಿಗಿಂತ ಜಾಸ್ತಿ ಮೈಲ್ಸ್ ಸೀಟು ತೆರೆದುಕೊಳ್ಳುತ್ತದೆ, ಆದ್ದರಿಂದ ಮನೆಯಲ್ಲಿ ಒಬ್ಬರ ಹತ್ತಿರ ಅದು ಇದ್ದರೆ ಒಳ್ಳೆಯದೇ.

ಪಾಯಿಂಟು ಕೂಡೋದು ಎಲ್ಲಿಂದ

ದಿನಸಿ, ಪೆಟ್ರೋಲು ಅಂತ ಡಾಲರಿಗೆ ಒಂದೆರಡು ಪಾಯಿಂಟು ಸೇರಿಸುತ್ತಾ ಕೂತರೆ ನಾಲ್ಕು ಟಿಕೆಟ್ ಆಗೋದಕ್ಕೆ ವರ್ಷಗಟ್ಟಲೆ ಬೇಕು. ನಿಜವಾದ ಗಂಟು ಇರುವುದು ಹೊಸ ಕಾರ್ಡಿನ ಬೋನಸ್‌ನಲ್ಲಿ. ಮೂರು ತಿಂಗಳಲ್ಲಿ 4,000 ಅಥವಾ 5,000 ಡಾಲರ್ ಖರ್ಚು ಮಾಡಿದರೆ 60,000ದ ಆಸುಪಾಸು ಪಾಯಿಂಟು ಒಟ್ಟಿಗೆ ಬರುತ್ತದೆ. ಇದನ್ನು ಗಂಡ ಹೆಂಡತಿ ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಮಾಡಬೇಕು. ಮೊದಲು ಒಬ್ಬರು ಕಾರ್ಡು ತಗೊಂಡು ಬೋನಸ್ ಮುಗಿಸಿ, ಆಮೇಲೆ ತಮ್ಮ ರೆಫರಲ್ ಲಿಂಕ್ ಇನ್ನೊಬ್ಬರಿಗೆ ಕಳಿಸಬೇಕು. ಆಗ ಎರಡು ಬೋನಸ್ಸಿನ ಜೊತೆಗೆ ರೆಫರಲ್ ಪಾಯಿಂಟೂ ಸೇರುತ್ತದೆ.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ತಮ್ಮ ಕಾರ್ಡಿಗೇ ಹೆಂಡತಿಯನ್ನೋ ಗಂಡನನ್ನೋ ಆಥರೈಸ್ಡ್ ಯೂಸರ್ (ಅದೇ ಖಾತೆಯಲ್ಲಿ ಇನ್ನೊಂದು ಕಾರ್ಡು ಬಳಸುವವರು) ಅಂತ ಸೇರಿಸಿಬಿಡುತ್ತಾರೆ. ಕಳೆದ 24 ತಿಂಗಳಲ್ಲಿ ಯಾವ ಬ್ಯಾಂಕಿನದೇ ಆಗಲಿ 5 ಹೊಸ ಕಾರ್ಡು ತಗೊಂಡಿದ್ದರೆ ಚೇಸ್ ಸಾಮಾನ್ಯವಾಗಿ ಇನ್ನೊಂದು ಕೊಡುವುದಿಲ್ಲ, ಈ ಸೇರಿಸಿದ ಕಾರ್ಡೂ ಆ ಲೆಕ್ಕಕ್ಕೆ ಬರುತ್ತದೆ. ಈಗಷ್ಟೇ ಅಮೆರಿಕಕ್ಕೆ ಬಂದು ಕ್ರೆಡಿಟ್ ಸ್ಕೋರೇ ಇಲ್ಲದವರಿಗೆ ಮಾತ್ರ ಸೇರಿಸೋದು ಸರಿ, ಅವರ ಸ್ಕೋರ್ ಬೆಳೆಯಲು ಅದು ಸಹಾಯ.

ಬೋನಸ್ಸಿಗಾಗಿ ಸುಮ್ನೆ ಏನೇನೋ ಕೊಳ್ಳಬೇಡಿ. ಹೇಗಿದ್ದರೂ ಆಗುವ ದೊಡ್ಡ ಖರ್ಚಿನ ತಿಂಗಳನ್ನು ನೋಡಿ ಅರ್ಜಿ ಹಾಕಿ. ನಾವು ಆರು ತಿಂಗಳ ಕಾರ್ ಇನ್ಶೂರೆನ್ಸ್ ಒಟ್ಟಿಗೆ ಕಟ್ಟಿದೆವು, ಮಗಳ ಸಮ್ಮರ್ ಕ್ಯಾಂಪ್ ಫೀಸು ಅದರಲ್ಲೇ ಹಾಕಿದೆವು, ಪಟೇಲ್ ಬ್ರದರ್ಸ್‌ನಲ್ಲಿ ಅಕ್ಕಿ ಬೇಳೆ ತರೋದೂ ಅದೇ ಕಾರ್ಡಿನಲ್ಲಿ. ಕಾಸ್ಟ್‌ಕೋ ಅಂಗಡಿಯಲ್ಲಿ ವೀಸಾ ಕ್ರೆಡಿಟ್ ಕಾರ್ಡು ಮಾತ್ರ ನಡೆಯುತ್ತದೆ, ಅದು ನೆನಪಿರಲಿ. ಡೇಕೇರ್‌ನವರು ಕಾರ್ಡಿಗೆ ಶೇ. 3 ಜಾಸ್ತಿ ಕೇಳಿದರೆ ಬೋನಸ್ ಮುಗಿಯುವವರೆಗೆ ಒಂದು ಸಲ ಕೊಡಬಹುದು, ಪ್ರತಿ ತಿಂಗಳೂ ಬೇಡ. ಕ್ರೆಡಿಟ್ ಕಾರ್ಡಿನಿಂದ ಊರಿಗೆ ದುಡ್ಡು ಕಳಿಸುವ ಆಸೆಯನ್ನಂತೂ ಬಿಡಿ. ಅದನ್ನು ಬ್ಯಾಂಕುಗಳು ಕ್ಯಾಶ್ ಅಡ್ವಾನ್ಸ್, ಅಂದರೆ ಕಾರ್ಡಿನ ಮೇಲೆ ತಗೊಂಡ ನಗದು ಸಾಲ, ಅಂತ ಹಿಡಿಯುವುದೇ ಜಾಸ್ತಿ. ಹಾಗಾದರೆ ಪಾಯಿಂಟು ಬರಲ್ಲ, ಬಡ್ಡಿ ಮಾತ್ರ ಅದೇ ದಿನದಿಂದ ಓಡುತ್ತದೆ.

ನಾಲ್ಕು ಸೀಟು ಹುಡುಕೋದು

ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ. ಏರ್‌ಲೈನ್‌ಗಳು ಸುಮಾರು 11 ತಿಂಗಳು ಮುಂಚೆ ಸೀಟು ತೆರೆಯುತ್ತವೆ. ಮುಂದಿನ ಜೂನ್‌ಗೆ ಹೋಗಬೇಕಿದ್ದರೆ ಈ ಜುಲೈ, ಆಗಸ್ಟ್‌ನಲ್ಲೇ ನೋಡೋಕೆ ಶುರು ಮಾಡಿ. ಹೋಗೋದು ಬರೋದು ಬೇರೆ ಬೇರೆಯಾಗಿ ಹುಡುಕಿ. ಮೈಲ್ಸ್‌ನಲ್ಲಿ ಒಂದು ಕಡೆಯ ಟಿಕೆಟ್ ಸಾಮಾನ್ಯವಾಗಿ ಅರ್ಧ ಬೆಲೆಗೇ ಸಿಗುತ್ತದೆ, ದುಡ್ಡು ಕೊಟ್ಟು ಕೊಳ್ಳುವಾಗಿನ ಹಾಗೆ ದುಬಾರಿ ಆಗಲ್ಲ. ಹಾಗಾಗಿ ಹೋಗುವಾಗ ಫ್ರಾಂಕ್‌ಫರ್ಟ್, ಬರುವಾಗ ಪ್ಯಾರಿಸ್ ಅಂತ ಮಾಡಿಕೊಂಡರೂ ನಷ್ಟವಿಲ್ಲ.

ನಾಲ್ಕು ಜನ ಅಂತ ಹಾಕಿ ಹುಡುಕಿದರೆ ಬೆಲೆ ನೋಡಿ ಎದೆ ಒಡೆಯುತ್ತದೆ. ಕಡಿಮೆ ಬೆಲೆಯ ಸೀಟು ಎರಡೇ ಉಳಿದಿದ್ದರೂ ಸಿಸ್ಟಮ್ಮು ನಾಲ್ಕಕ್ಕೂ ಮೇಲಿನ ಬೆಲೆ ಹಾಕಿಬಿಡುತ್ತದೆ. ಆದ್ದರಿಂದ ಮೊದಲು ಒಬ್ಬರಿಗೆ, ಆಮೇಲೆ ಇಬ್ಬರಿಗೆ, ಮೂವರಿಗೆ ಅಂತ ಹುಡುಕಿ ಬೆಲೆ ಎಲ್ಲಿ ಜಿಗಿಯುತ್ತದೆ ಅಂತ ನೋಡಿ. ಎರಡರ ಮೇಲೆ ಜಿಗಿದರೆ ಎರಡು ಬುಕಿಂಗ್ ಮಾಡಿ: ಅಪ್ಪ ಒಂದು ಮಗು, ಅಮ್ಮ ಇನ್ನೊಂದು ಮಗು. ಮಕ್ಕಳಿಬ್ಬರನ್ನೇ ಒಂದು ಬುಕಿಂಗ್‌ನಲ್ಲಿ ಹಾಕಲು ಬಿಡುವುದಿಲ್ಲ. ಆಮೇಲೆ ಏರ್‌ಲೈನ್‌ಗೆ ಫೋನ್ ಮಾಡಿ ಎರಡೂ ಪಿಎನ್ಆರ್ ಒಂದೇ ಸಂಸಾರದ್ದು ಅಂತ ಬರೆಸಿಬಿಡಿ.

ಸೀಟು ಕಣ್ಣಿಗೆ ಕಂಡ ಮೇಲಷ್ಟೇ ಬ್ಯಾಂಕಿನಿಂದ ಪಾಯಿಂಟು ಕಳಿಸಿ. ಒಮ್ಮೆ ಕಳಿಸಿದರೆ ವಾಪಸ್ ಬರುವುದಿಲ್ಲ. ನಾನು ಮೊದಲ ವರ್ಷ ಆಸೆಯಿಂದ 80,000 ಪಾಯಿಂಟು ಮುಂಚೆಯೇ ಒಂದು ಏರ್‌ಲೈನ್‌ಗೆ ಕಳಿಸಿ ಕೂತೆ. ಬೇಕಾದ ವಾರದಲ್ಲಿ ಆ ಏರ್‌ಲೈನ್ ಒಂದು ಸೀಟನ್ನೂ ತೆರೆಯಲಿಲ್ಲ, ಬೇರೆ ಏರ್‌ಲೈನ್‌ನಲ್ಲಿ ನಾಲ್ಕು ಸೀಟು ಕಣ್ಣೆದುರಿಗೇ ಇತ್ತು. ಆ ವರ್ಷ ಊರಿಗೆ ಹೋಗಲಾಗಲಿಲ್ಲ. ಇಬ್ಬರ ಪಾಯಿಂಟು ಬೇರೆ ಬೇರೆ ಕಡೆ ಇದ್ದರೆ ಒಂದು ಕಡೆ ಸೇರಿಸುವ ದಾರಿಯೂ ಇದೆ: ಯುನೈಟೆಡ್‌ನಲ್ಲಿ 5 ಜನರವರೆಗೆ, ಏರೋಪ್ಲಾನ್ ಮತ್ತು ಫ್ಲೈಯಿಂಗ್ ಬ್ಲೂನಲ್ಲಿ 8 ಜನರವರೆಗೆ ಒಂದು ಕುಟುಂಬದ ಖಾತೆ ಮಾಡಬಹುದು. ಮಕ್ಕಳಿಗೂ ಖಾತೆ ತೆರೆಯಿರಿ, ದುಡ್ಡು ಕೊಟ್ಟು ಹಾರಿದಾಗ ಅವರ ಮೈಲ್ಸ್ ಯಾಕೆ ಬಿಡಬೇಕು.

ಲಾಭವಾಯಿತಾ ಅಂತ ನೋಡುವ ಲೆಕ್ಕ ಸುಲಭ. ಟಿಕೆಟ್‌ನ ದುಡ್ಡಿನ ಬೆಲೆಯಿಂದ ಮೈಲ್ಸ್ ಟಿಕೆಟ್‌ಗೆ ಕೊಡಬೇಕಾದ ತೆರಿಗೆ ಕಳೆಯಿರಿ, ಉಳಿದದ್ದನ್ನು ಮೈಲ್ಸ್‌ನಿಂದ ಭಾಗಿಸಿ. ಒಂದು ಕಡೆಗೆ 900 ಡಾಲರ್ ಟಿಕೆಟ್, ತೆರಿಗೆ 100, ಮೈಲ್ಸ್ 40,000 ಅಂದುಕೊಳ್ಳಿ. 800 ಭಾಗಿಸು 40,000, ಅಂದರೆ ಮೈಲಿಗೆ 2 ಸೆಂಟ್. ಒಂದೂವರೆ ಸೆಂಟ್ ದಾಟಿದರೆ ನಾನು ಕಣ್ಣು ಮುಚ್ಚಿ ಕೊಳ್ಳುತ್ತೇನೆ. ಒಂದು ಸೆಂಟಿಗಿಂತ ಕಡಿಮೆ ಆದರೆ ದುಡ್ಡು ಕೊಟ್ಟು ಕೊಂಡು ಮೈಲ್ಸ್ ಉಳಿಸಿಕೊಳ್ಳುತ್ತೇನೆ. ಈ ತೆರಿಗೆ ಅನ್ನೋದರಲ್ಲಿ ಇಂಧನದ ಸರ್‌ಚಾರ್ಜೂ ಸೇರಿರಬಹುದು. ಬ್ರಿಟಿಷ್ ಏರ್‌ವೇಸ್‌ನಲ್ಲಿ ಅದು ಭಾರಿ, ಮಕ್ಕಳ ಸೀಟಿಗೂ ಬೀಳುತ್ತದೆ, ನಾಲ್ಕರಿಂದ ಗುಣಿಸಿ ನೋಡಿ. ಯುನೈಟೆಡ್ ಮತ್ತು ಏರೋಪ್ಲಾನ್ ಆ ಸರ್‌ಚಾರ್ಜ್ ಹಾಕುವುದಿಲ್ಲ. ಫ್ಲೈಯಿಂಗ್ ಬ್ಲೂನಲ್ಲಿ ಸರ್‌ಚಾರ್ಜ್ ಇದೆ, ಆದರೆ 2ರಿಂದ 11 ವರ್ಷದ ಮಕ್ಕಳಿಗೆ ಮೈಲ್ಸ್‌ನಲ್ಲಿ ಶೇ. 25 ಕಡಿಮೆ.

ಎರಡು ವರ್ಷ ತುಂಬದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗಬಹುದು, ಆದರೆ ಅದೂ ಪುಕ್ಕಟೆ ಅಲ್ಲ. ಕೆಲವು ಕಡೆ ದೊಡ್ಡವರ ಟಿಕೆಟ್ ಬೆಲೆಯ ಶೇ. 10 ಡಾಲರಿನಲ್ಲಿ ಕೇಳುತ್ತಾರೆ. ಏರೋಪ್ಲಾನ್‌ನಲ್ಲಿ ಒಂದು ಕಡೆಗೆ ಕೆನಡಾದ 25 ಡಾಲರ್ ಅಥವಾ 2,500 ಪಾಯಿಂಟು ಕೊಟ್ಟರೆ ಮುಗಿಯಿತು. ಊರಲ್ಲಿ ಇರುವಾಗಲೇ ಮಗುವಿಗೆ ಎರಡು ತುಂಬಿದರೆ ವಾಪಸ್ ಬರುವಾಗ ಅದಕ್ಕೆ ಸೀಟು ತಗೊಳ್ಳಲೇಬೇಕು. ಅಜ್ಜಿ ಮನೆಯಲ್ಲಿ ಹುಟ್ಟುಹಬ್ಬ ಮಾಡಬೇಕು ಅಂತ ಹೋಗುವವರು ಇದನ್ನೇ ಮರೆಯೋದು.

ದೆಹಲಿವರೆಗೆ ಮೈಲ್ಸ್, ಅಲ್ಲಿಂದ ಬೆಂಗಳೂರಿಗೆ ಬೇರೆ ಟಿಕೆಟ್ ಅನ್ನುವ ಯೋಚನೆ ಕಾಗದದ ಮೇಲೆ ಚೆನ್ನಾಗಿರುತ್ತದೆ. ಆದರೆ ನಿಮ್ಮ ಹತ್ತಿರ 23 ಕೆಜಿ ಸೂಟ್‌ಕೇಸುಗಳು, ಇಂಡಿಗೋ ದೇಶದೊಳಗಿನ ಟಿಕೆಟ್‌ಗೆ 15 ಕೆಜಿ ಬಿಡುತ್ತದೆ. ಮೊದಲ ವಿಮಾನ ತಡವಾದರೆ ಎರಡನೆಯದು ಕಾಯೋದೂ ಇಲ್ಲ. ಮಕ್ಕಳಿದ್ದರೆ ಒಂದೇ ಟಿಕೆಟ್‌ನಲ್ಲಿ ಬೆಂಗಳೂರಿನವರೆಗೂ ಬನ್ನಿ. ಯುರೋಪಿನ ವಿಮಾನ ಇಳಿಯೋದು ನಡುರಾತ್ರಿ, ಟರ್ಮಿನಲ್ 2ರಿಂದ ಹೊರಗೆ ಬಂದರೆ ಮೈಸೂರಿಗೆ ಫ್ಲೈಬಸ್ ಸಿಗುತ್ತದೆ, ನಮ್ಮ ಮಕ್ಕಳು ಬಸ್ಸು ರಾಮನಗರ ದಾಟುವ ಮೊದಲೇ ನಿದ್ದೆ. ಲಂಡನ್ ಮೂಲಕ ಹೋಗುವವರು ಟ್ರಾನ್ಸಿಟ್ ವೀಸಾ ಬೇಕೋ ಅಂತ ಬುಕ್ ಮಾಡುವ ಮೊದಲೇ ನೋಡಿ. ಪಾಸ್‌ಪೋರ್ಟಿನಲ್ಲಿ ಅಮೆರಿಕ ವೀಸಾ ಮುದ್ರೆಯ ಅವಧಿ ಮುಗಿದಿರುವ ಎಚ್‌-1ಬಿ ಸಂಸಾರಗಳು ಸಿಕ್ಕಿಬೀಳುವುದು ಇಲ್ಲೇ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವಾಗ

ಮೈಲ್ಸ್‌ಗೆ ಇದಕ್ಕಿಂತ ಒಳ್ಳೆಯ ಉಪಯೋಗ ನಾನು ಕಂಡಿಲ್ಲ. ಅಪ್ಪ ಅಮ್ಮ ಬರೋದು ಗೊತ್ತು, ಯಾವಾಗ ವಾಪಸ್ ಹೋಗ್ತಾರೆ ಅನ್ನೋದು ಗೊತ್ತಿರಲ್ಲ. ಚಳಿ ಜಾಸ್ತಿ ಆಯಿತು, ಊರಲ್ಲಿ ಮದುವೆ ಬಂತು ಅಂತ ತಿಂಗಳು ಮುಂಚೆಯೇ ಹೊರಡಬಹುದು. ಯುನೈಟೆಡ್‌ನಲ್ಲಿ ಮೈಲ್ಸ್ ಟಿಕೆಟ್ ರದ್ದು ಮಾಡಿದರೆ ಮೈಲ್ಸ್ ಖಾತೆಗೆ ವಾಪಸ್, ಶುಲ್ಕ ಇಲ್ಲ. ಹಾಗಾಗಿ ವಾಪಸ್ ಟಿಕೆಟ್ ಒಂದು ಅಂದಾಜು ದಿನಕ್ಕೆ ಮಾಡಿಟ್ಟು ಬೇಕಾದಾಗ ಬದಲಾಯಿಸಿ.

ಹೆಸರಿನ ವಿಷಯದಲ್ಲಿ ಜೋಪಾನ. ನಮ್ಮಲ್ಲಿ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಇರಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಅಂತ ಬಂದಿರುತ್ತದೆ. ಟಿಕೆಟ್ಟಿನಲ್ಲಿ ಹೆಸರು ಹೇಗೆ ಬರೆಯಬೇಕು ಅಂತ ಏರ್‌ಲೈನ್‌ನವರನ್ನೇ ಕೇಳಿ ಬುಕ್ ಮಾಡಿ. ಬುಕ್ ಆದ ತಕ್ಷಣ ವೀಲ್‌ಚೇರ್‌ಗೆ ಹೇಳಿ, ನಡೆಯೋಕೆ ಆಗುತ್ತೆ ಅಂತ ಅವರು ಎಷ್ಟು ಹೇಳಿದರೂ. ಫ್ರಾಂಕ್‌ಫರ್ಟ್‌ನಲ್ಲಿ ಗೇಟಿನಿಂದ ಗೇಟಿಗೆ ಇರುವ ದೂರ ಅವರಿಗೆ ಗೊತ್ತಿಲ್ಲ. ವೀಲ್‌ಚೇರ್ ತಳ್ಳುವವರು ಭಾಷೆಯ ತೊಂದರೆಯನ್ನೂ ತಪ್ಪಿಸುತ್ತಾರೆ. ಮೈಲ್ಸ್ ಟಿಕೆಟ್‌ನ ತೆರಿಗೆಯನ್ನು ಸಫೈರ್ ತರಹದ ಕಾರ್ಡಿನಲ್ಲೇ ಕಟ್ಟಿ. ವಿಮಾನ ತಡವಾಗಿ ರಾತ್ರಿ ಅಲ್ಲೇ ಉಳಿಯಬೇಕಾದರೆ ಹೋಟೆಲಿನ ಖರ್ಚು ವಾಪಸ್ ಪಡೆಯುವ ವಿಮೆ ಅದರಲ್ಲಿರುತ್ತದೆ. ಯಾರ ಪ್ರಯಾಣಕ್ಕೆ ಅನ್ವಯಿಸುತ್ತದೆ ಅನ್ನುವ ಷರತ್ತನ್ನು ಓದಿ ನೋಡಿ.

ಮುಟ್ಟಬಾರದ 50,000 ಮೈಲ್ಸ್

ಎಲ್ಲ ಮೈಲ್ಸೂ ರಜೆಗೆ ಸುರಿಯಬೇಡಿ. ಒಬ್ಬರು ಊರಿಗೆ ಹೋಗುವಷ್ಟು ಯಾವಾಗಲೂ ಉಳಿಸಿಡಿ. ಯುನೈಟೆಡ್ ಮೈಲ್ಸ್‌ಗೆ ಅವಧಿ ಇಲ್ಲ, ಇದಕ್ಕೆ ಅದೇ ಒಳ್ಳೆಯದು. ಏರೋಪ್ಲಾನ್‌ನಲ್ಲಿ 18 ತಿಂಗಳು ಏನೂ ಚಟುವಟಿಕೆ ಇಲ್ಲದಿದ್ದರೆ ಪಾಯಿಂಟು ಹೋಗುತ್ತದೆ, ಸಿಂಗಾಪುರ್ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್‌ನಲ್ಲಿ 36 ತಿಂಗಳಿಗೆ ಮುಗಿಯುತ್ತದೆ.

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಒಂದು ರಾತ್ರಿ ತಮ್ಮನ ಫೋನ್ ಬಂತು. ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು, ಎರಡು ದಿನದಲ್ಲಿ ಆಪರೇಷನ್. ಮರುದಿನದ ಟಿಕೆಟ್ ಒಂದು ಕಡೆಗೇ 2,000 ಡಾಲರ್ ದಾಟಿತ್ತು. ಮಾರಾಟವಾಗದ ಸೀಟನ್ನು ಹೊರಡುವ ಹೊತ್ತಿಗೆ ಮೈಲ್ಸ್‌ಗೆ ಬಿಡುವುದುಂಟು, ಅವತ್ತು ಫ್ರಾಂಕ್‌ಫರ್ಟ್ ದಾರಿಯಲ್ಲಿ ಒಂದು ಸೀಟು ಕಂಡಿತು. ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು ಬುಕ್ ಮಾಡುತ್ತಿದ್ದರೆ ಹೆಂಡತಿ ಪಕ್ಕದಲ್ಲೇ ನನ್ನ ಬ್ಯಾಗು ತುಂಬುತ್ತಿದ್ದಳು. ಅಪ್ಪನನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗುವ ಒಂದು ಗಂಟೆ ಮೊದಲು ಮೈಸೂರಿನ ಆಸ್ಪತ್ರೆ ತಲುಪಿದೆ. ಈಗ ಅವರು ಕೋಲು ಹಿಡಿದು ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಆ 50,000ವನ್ನು ನಾನು ಮತ್ತೆ ತುಂಬಿಸಿ ಇಟ್ಟಿದ್ದೇನೆ.